ಮಹಿಷಾಸುರ ಬರುವಾಗ ಎಬ್ಬಿಸು

ನಮ್ಮನೆಯಲ್ಲಿ ಒಂದು ಪ್ರಶ್ನೆ ಬಹಳ ವರ್ಷದಿಂದ ಉತ್ತರ ಸಿಗದೆ ಓಡಾಡಿಕೊಂಡಿದೆ. ವಾರವಿಡೀ ಆಫೀಸು, ಟ್ರಾಫಿಕ್ಕು, ಮನೆಗೆಲಸ ಎಲ್ಲ ಮುಗಿದು ಶನಿವಾರ ರಾತ್ರಿ ಒಂದೆರಡು ಗಂಟೆ ನನ್ನದೇ ಅಂತ ಸಿಗುತ್ತೆ. ಆಗ ನಾನು ಹಾಕಿಕೊಂಡು ಕೂರುವುದು ಹಾಸ್ಯದ ಸಿನಿಮಾ ಅಲ್ಲ. ಟೆಕ್ಸಾಸ್‌ನ ಬಿಸಿಲಲ್ಲಿ ವ್ಯಾನು ನಿಲ್ಲಿಸಿದ ಐದು ಜನ ಹುಡುಗ ಹುಡುಗಿಯರಲ್ಲಿ ನಾಲ್ವರು ಸತ್ತು, ಉಳಿದವಳೊಬ್ಬಳು ಕೊನೆಯವರೆಗೂ ಅರಚುತ್ತಲೇ ಇರುವ ಸಿನಿಮಾ. ಅದೂ ಹೊಸದಾಗಿ ನೋಡುತ್ತಿರುವುದಲ್ಲ. ಯಾರು ಯಾವಾಗ ಸಾಯುತ್ತಾರೆ, ಯಾವ ಬಾಗಿಲು ಯಾವಾಗ ಬಡಿದುಕೊಳ್ಳುತ್ತೆ ಅನ್ನೋದೆಲ್ಲ ಬಾಯಿಪಾಠ ಆಗಿದೆ. ಇವರು ಹಾಲ್ ದಾಟಿ ಹೋಗುತ್ತಾ ನಿಂತು ಕೇಳುತ್ತಾರೆ: "ಮತ್ತೆ ಅದೇನಾ? ಗೊತ್ತಿರೋ ಕತೆ. ಅದೂ ಬರೀ ಹಿಂಸೆ. ಇದ್ರಲ್ಲಿ ನಿಂಗೇನು ಸಿಗುತ್ತೆ?"

"ಸುಮ್ನೆ" ಅಂತೀನಿ. ಅದು ಉತ್ತರ ಅಲ್ಲ ಅಂತ ಇಬ್ಬರಿಗೂ ಗೊತ್ತು.

ಕೇಳುವುದರಲ್ಲಿ ತಪ್ಪೇನೂ ಇಲ್ಲ. ಹಳೇ ರಾಜ್‌ಕುಮಾರ್ ಸಿನಿಮಾವನ್ನು ಟಿವಿಯಲ್ಲಿ ಬಂದಾಗಲೆಲ್ಲ ನೋಡುವವರನ್ನು ಯಾರೂ ಹೀಗೆ ವಿಚಾರಣೆ ಮಾಡಲ್ಲ. ಅಲ್ಲಿ ಹಾಡಿದೆ, ಮಾತಿದೆ, ಮನಸ್ಸಿಗೆ ಹಿತ ಇದೆ. ದೆವ್ವದ ಸಿನಿಮಾ ಆದರೂ ನಮ್ಮ ಕಡೆಯದ್ದಾದರೆ ನಡುವೆ ಒಂದು ಹಾಡು, ಒಬ್ಬ ಹೆದರುಪುಕ್ಕಲ ಅಡುಗೆಯವನು, ಕೊನೆಗೆ ಮಂತ್ರವಾದಿಯೋ ದೇವರೋ ಬಂದು ಬಿಡಿಸುವ ಭರವಸೆ ಇರುತ್ತೆ. ಉಸಿರಾಡೋಕೆ ಜಾಗ ಇರುತ್ತೆ. ನಾನು ಹೇಳುತ್ತಿರುವುದು ಆ ಜಾತಿಯದ್ದಲ್ಲ. ನೋಡುವವರನ್ನು ಹಿಂಡಿ ಹಾಕುವ ಸಿನಿಮಾ. 'ದಿ ಟೆಕ್ಸಾಸ್ ಚೈನ್ ಸಾ ಮ್ಯಾಸಕರ್', 1974ರದ್ದು, ನಿರ್ದೇಶಕ ಟೋಬಿ ಹೂಪರ್. ಐವತ್ತು ವರ್ಷ ದಾಟಿದ ಸಿನಿಮಾ, ಹಾಗಾಗಿ ಕತೆಯನ್ನು ಮುಚ್ಚಿಡದೆ ಹೇಳುತ್ತೇನೆ. ನೋಡಬೇಕು ಅಂತ ಕಾದಿಟ್ಟುಕೊಂಡವರು ಯಾರಾದರೂ ಇದ್ದರೆ ಇಲ್ಲಿಗೇ ನಿಲ್ಲಿಸಿ.

ಒಂದು ಮಾತು ಮೊದಲೇ ಹೇಳಿಬಿಡಬೇಕು. ನಾನು ಧೈರ್ಯದ ಹೆಂಗಸಲ್ಲ. ಜಾತ್ರೆಯಲ್ಲಿ ಜಯಂಟ್ ವ್ಹೀಲ್ ಹತ್ತಲ್ಲ. ರಾತ್ರಿ ಜಿರಳೆ ಕಂಡರೆ ಇವರನ್ನೇ ಎಬ್ಬಿಸೋದು. ಇಷ್ಟು ಸಿನಿಮಾ ನೋಡಿಯೂ ಅದರಲ್ಲಿ ಏನೂ ಬದಲಾಗಿಲ್ಲ. ಹಾಗಾಗಿ ಹಾರರ್ ನೋಡೋದರಿಂದ ಗಟ್ಟಿ ಆಗ್ತೀವಿ ಅನ್ನೋ ವಾದ ಕೇಳಿದಾಗ ನನಗೆ ಸ್ವಲ್ಪ ಅನುಮಾನ.

ಕೊಕ್ಕೆ

ಅಕ್ಕನ ಮಗಳು ಮೊದಲ ಕೆಲಸ ಸಿಕ್ಕಿ ಬೆಂಗಳೂರಿಗೆ ಬಂದ ಹೊಸತು. ಪಿಜಿ ಊಟ ಬೇಜಾರಾದಾಗ ನಮ್ಮನೆಗೆ ಬರುತ್ತಿದ್ದಳು. ಒಂದು ರಾತ್ರಿ ಊಟ ಆದ ಮೇಲೆ, "ಚಿಕ್ಕಮ್ಮ, ಎಂತದಾದ್ರೂ ನಿಜವಾಗಿ ಹೆದರಿಸುವಂಥದ್ದು ಹಾಕು" ಅಂದಳು. ಈಗಿನ ಹುಡುಗರು ಎಲ್ಲ ನೋಡಿಬಿಟ್ಟಿರುತ್ತಾರೆ. ಹಳೇ ಸಿನಿಮಾ ಅಂದಾಗ ಮುಖ ಸಣ್ಣದು ಮಾಡಿದಳು. ಹಾಕಿದೆ.

ಮೊದಲ ಅರ್ಧ ಗಂಟೆ ಅವಳಿಗೆ ನಗು. ವ್ಯಾನಿನಲ್ಲಿ ಪ್ಯಾಮ್ ಅನ್ನೋ ಹುಡುಗಿ ಜ್ಯೋತಿಷ್ಯದ ಪುಸ್ತಕ ಹಿಡಿದು, ಶನಿ ವಕ್ರಗತಿಯಲ್ಲಿದ್ದಾನೆ, ಕೆಟ್ಟ ಕಾಲ ಅಂತ ಓದುತ್ತಾಳೆ. "ಇವರಿಗೂ ಶನಿ ಕಾಟವಾ!" ಅಂತ ಇವಳು ಬಿದ್ದು ಬಿದ್ದು ನಕ್ಕಳು. (ಈ ಜಾಗದಲ್ಲಿ ಅಮೆರಿಕದ ಪ್ರೇಕ್ಷಕರಿಗೆ ಏನನ್ನಿಸುತ್ತೋ ಗೊತ್ತಿಲ್ಲ. ನಮ್ಮವರು ಯಾರೇ ನೋಡಿದರೂ ತಲೆ ಅಲ್ಲಾಡಿಸುತ್ತಾರೆ. ಎಳ್ಳೆಣ್ಣೆ ದೀಪ ಹಚ್ಚಬೇಕಿತ್ತು ಅಷ್ಟೇ.) ಆಮೇಲೆ ಕರ್ಕ್ ಅನ್ನೋ ಹುಡುಗ ಹತ್ತಿರದ ಒಂದು ಮನೆಯೊಳಗೆ ಕಾಲಿಟ್ಟ. ಮುಖವಾಡದ ದೈತ್ಯ ಬಾಗಿಲಲ್ಲಿ ಬಂದು ನಿಂತ. ಒಂದು ಸುತ್ತಿಗೆ ಏಟು. ಕಾಲು ಪಟಪಟ ಬಡಿದುಕೊಂಡಿತು. ಎಳೆದು ಒಳಗೆ ಹಾಕಿದ. ಕಬ್ಬಿಣದ ಬಾಗಿಲು ಧಡಾರ್. ಎಲ್ಲ ಸೇರಿ ಕೆಲವೇ ಸೆಕೆಂಡು. ಹುಡುಗಿಯ ನಗು ಅಲ್ಲಿಗೆ ನಿಂತಿತು. ಅವನನ್ನು ಹುಡುಕಿಕೊಂಡು ಪ್ಯಾಮ್ ಒಳಗೆ ಹೋಗುತ್ತಾಳೆ, ಎಲುಬು, ಗರಿ ತುಂಬಿದ ಕೋಣೆಯಲ್ಲಿ ಮುಗ್ಗರಿಸಿ ಬೀಳುತ್ತಾಳೆ. ಪಂಜರದಲ್ಲಿ ಒಂದು ಕೋಳಿ ನೇತಾಡುತ್ತಿರುತ್ತೆ. ಆ ದೈತ್ಯ ಅವಳನ್ನು ಎತ್ತಿಕೊಂಡು ಹೋಗಿ ಮಾಂಸ ನೇತುಹಾಕುವ ಕೊಕ್ಕೆಗೆ ಸಿಕ್ಕಿಸುತ್ತಾನೆ. ಇವಳು ದಿಂಬಿನ ಹಿಂದೆ. ಬೆರಳ ಸಂದಿಯಲ್ಲಿ ಒಂದು ಕಣ್ಣು.

ಮುಗಿದ ಮೇಲೆ ಬಹಳ ಹೊತ್ತು ಮಾತಿಲ್ಲ. ಆಮೇಲೆ, "ಆ ಕೊಕ್ಕೆ ಬೆನ್ನಿಗೆ ಹೋಗಿದ್ದು... ಅಷ್ಟು ರಕ್ತ... ಹೇಗೆ ತೋರಿಸೋಕೆ ಬಿಟ್ರು?" ಅಂದಳು. ಬಿಟ್ಟಿಲ್ಲ, ತೋರಿಸಿಯೂ ಇಲ್ಲ ಅಂದೆ. ನಂಬಲಿಲ್ಲ. "ನಾನು ನೋಡಿದೆ ಚಿಕ್ಕಮ್ಮ!" ಹಿಂದಕ್ಕೆ ಓಡಿಸಿ ಆ ಜಾಗ ಮತ್ತೆ ಹಾಕಿದೆ. ಕೊಕ್ಕೆ ಇದೆ. ಹುಡುಗಿಯನ್ನು ಎತ್ತುತ್ತಾನೆ. ಅವಳ ಮುಖ. ಕೆಳಗೆ ನೆಲದ ಮೇಲೆ ಒಂದು ತೊಟ್ಟಿ. ಅಷ್ಟೇ. ಕೊಕ್ಕೆ ಮೈಗೆ ಹೊಕ್ಕಿದ್ದು ಎಲ್ಲೂ ಇಲ್ಲ. ಆ ತೊಟ್ಟಿ ಯಾಕಿದೆ ಅಂತ ತಲೆ ಲೆಕ್ಕ ಹಾಕುತ್ತೆ. ಉಳಿದ ರಕ್ತವನ್ನೆಲ್ಲ ಸುರಿಯೋದು ನಾವೇ.

ಹೂಪರ್‌ಗೆ ಇದು ಲೆಕ್ಕಾಚಾರವೂ ಆಗಿತ್ತು. ರಕ್ತ ಕಡಿಮೆ ತೋರಿಸಿದರೆ ಅಮೆರಿಕದ ಸೆನ್ಸಾರಿನವರು ಮಕ್ಕಳೂ ದೊಡ್ಡವರ ಜೊತೆ ಕೂತು ನೋಡಬಹುದಾದ ಪಿಜಿ ಸರ್ಟಿಫಿಕೇಟ್ ಕೊಟ್ಟಾರು ಅಂತ ಆಸೆ ಇಟ್ಟುಕೊಂಡಿದ್ದ. ಕೊಡಲಿಲ್ಲ. ಬ್ರಿಟನ್ನಿನ ಸೆನ್ಸಾರ್ ಮಂಡಳಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ 1975ರಲ್ಲಿ ಸರ್ಟಿಫಿಕೇಟನ್ನೇ ನಿರಾಕರಿಸಿತು. ಅಲ್ಲಿ ಇಲ್ಲಿ ಕತ್ತರಿಸಿ ನೋಡಿದರೂ ಪ್ರಯೋಜನ ಆಗಲಿಲ್ಲ. ಕೊನೆಗೆ 1999ರಲ್ಲಿ ಒಂದೂ ಕಟ್ ಇಲ್ಲದೆ ಪಾಸಾಯಿತು. ಕತ್ತರಿ ಹಿಡಿದು ಕೂತವರ ಪಾಡು ಯೋಚಿಸಿದರೆ ನನಗೆ ಪಾಪ ಅನ್ನಿಸುತ್ತೆ. ರೀಲಿನಲ್ಲಿ ಇಲ್ಲದ್ದನ್ನು ಹೇಗೆ ಕತ್ತರಿಸೋದು?

ಆ ರಾತ್ರಿ ಹುಡುಗಿಯ ಮುಖ ನೋಡಿದಾಗ ನನಗೆ ನನ್ನದೇ ಒಂದು ಗುಟ್ಟು ಹೊಳೆಯಿತು. ಈ ಸಿನಿಮಾ ನೋಡಿ ಒಂದಷ್ಟು ಕಾಲ ಆದ ಮೇಲೆ ಅದು ನನ್ನೊಳಗೆ ಬೆಳೆಯುತ್ತೆ. ಮನೆ ದೊಡ್ಡದಾಗುತ್ತೆ. ಗರಗಸದ ಸದ್ದು ಜಾಸ್ತಿಯಾಗುತ್ತೆ. ಇಲ್ಲದ ರಕ್ತ ಬಂದು ಸೇರಿಕೊಳ್ಳುತ್ತೆ. ಒಂದು ಹಂತದಲ್ಲಿ ನೆನಪಿನ ಸಿನಿಮಾ ಅಸಲಿ ಸಿನಿಮಾಗಿಂತ ಘೋರ ಆಗಿರುತ್ತೆ. ಆಗ ಮತ್ತೆ ಹಾಕಬೇಕು ಅನ್ನಿಸೋದು. ಹಾಕಿದರೆ, ಓ, ಇಷ್ಟೇನಾ. ಅದು 83 ನಿಮಿಷದ ಸಿನಿಮಾ. ಮನೆಯ ಮುಂದೆ ಉಯ್ಯಾಲೆ ಇದೆ, ಸೂರ್ಯಕಾಂತಿ ಹೂವಿದೆ. ನಾನು ಕೂಡಿಸಿದ್ದನ್ನೆಲ್ಲ ಸಿನಿಮಾ ವಾಪಸ್ ಕೊಟ್ಟು, ತನ್ನ ಅಳತೆಗೆ ಬಂದು ನಿಲ್ಲುತ್ತೆ. ಎಷ್ಟೋ ಜನ ಮರುನೋಟ ಅಂದರೆ ಹೆದರಿಕೆಯನ್ನು ಮತ್ತೆ ತರಿಸಿಕೊಳ್ಳೋದು ಅಂದುಕೊಳ್ಳುತ್ತಾರೆ. ನನ್ನ ವಿಷಯದಲ್ಲಿ ಬೆಳೆದುಬಿಟ್ಟ ಹೆದರಿಕೆಯನ್ನು ಇಳಿಸಿಕೊಳ್ಳೋಕೆ ಹೋಗುತ್ತೇನೆ. ಆಮೇಲೆ ಅದು ಮತ್ತೆ ಬೆಳೆಯುತ್ತೆ ಅನ್ನೋದು ಬೇರೆ ಮಾತು.

ಗದ್ದೆಯಲ್ಲಿ ಚಾಪೆ

ಆದರೆ ಬರೀ ಅಳತೆ ನೋಡೋಕೆ ಯಾರೂ ರಾತ್ರಿ ಹನ್ನೊಂದಕ್ಕೆ ಕೂರಲ್ಲ. ಇನ್ನೇನೋ ಇದೆ. ಅದು ನನಗೆ ಸಿನಿಮಾಗಿಂತ ಬಹಳ ಮೊದಲೇ, ನಮ್ಮೂರ ಯಕ್ಷಗಾನದ ಆಟದ ಗದ್ದೆಯಲ್ಲಿ ಅಂಟಿಕೊಂಡ ಚಟ ಅಂತ ನನ್ನ ಗುಮಾನಿ.

ದಕ್ಷಿಣ ಕನ್ನಡದ ಕಡೆಯವರಿಗೆ ಹರಕೆಯ ಆಟದ ಬಗ್ಗೆ ಹೇಳಬೇಕಾಗಿಲ್ಲ. ಕಟೀಲು ಮೇಳದ ಆಟ ಅಂದರೆ ಹೆಚ್ಚಿನಂಶ 'ದೇವಿ ಮಹಾತ್ಮೆ'. ಒಂದೇ ಊರಲ್ಲಿ ವರ್ಷ ವರ್ಷ ಅದೇ ಪ್ರಸಂಗ. ಕೊಯ್ಲು ಮುಗಿದ ಗದ್ದೆ, ಚಾಪೆ, ಚರುಮುರಿ, ಚಳಿ. ನಾವು ಮಕ್ಕಳು ಒಂಬತ್ತು ಗಂಟೆಗೆ ಮುಂದಿನ ಸಾಲಿನಲ್ಲಿ ಜಾಗ ಹಿಡಿದು, ಹನ್ನೊಂದಕ್ಕೆ ನಿದ್ದೆ ಹೋಗುತ್ತಿದ್ದೆವು. ಕಣ್ಣು ಮುಚ್ಚುವ ಮೊದಲು ಅಜ್ಜಿಯ ಸೆರಗು ಹಿಡಿದು ಒಂದು ಕರಾರು: "ಮಹಿಷಾಸುರ ಬರುವಾಗ ಎಬ್ಬಿಸು." ದೇವಿ ಬರುವಾಗ ಎಬ್ಬಿಸು ಅಂತ ಕೇಳಿದ ಮಗು ನನಗೆ ಒಂದೂ ನೆನಪಿಲ್ಲ.

ಅಜ್ಜಿ ಎಬ್ಬಿಸುತ್ತಿದ್ದಳು. "ಏಳು ಏಳು, ಈಗ ಬರ್ತಾನೆ ನೋಡು." ಮಹಿಷಾಸುರ ರಂಗಸ್ಥಳದಿಂದ ಬರುವವನಲ್ಲ. ಜನರ ಬೆನ್ನ ಹಿಂದಿನಿಂದ, ದೂರದ ಕತ್ತಲೆಯಿಂದ ಬರುತ್ತಾನೆ. ಮೊದಲು ದೊಂದಿಯ ಬೆಳಕು. ಆಮೇಲೆ ರಾಳದ ಪುಡಿ ಎರಚಿದಾಗ ಭಗ್ ಅಂತ ಏಳುವ ಬೆಂಕಿ. ಆಮೇಲೆ ಆ ಕೂಗು. ಚೆಂಡೆಯವರು ಎದೆಗೇ ಬಡಿದ ಹಾಗೆ ಬಡಿಯುತ್ತಾರೆ. ಜನ ಎದ್ದು ದಾರಿ ಬಿಡುತ್ತಾರೆ. ಎರಡು ಕೊಂಬು, ಮುಖದ ತುಂಬ ಬಿಳಿ ಹಿಟ್ಟಿನ ಚುಟ್ಟಿ, ಕೆಂಪು ಕಣ್ಣು, ನಮ್ಮ ಚಾಪೆಯಿಂದ ಒಂದು ಮೊಳ ದೂರದಲ್ಲಿ. ನಾನು ಅಜ್ಜಿಯ ಶಾಲಿನೊಳಗೆ ಹೋಗಿ, ಅಲ್ಲಿಂದಲೇ ನೋಡುತ್ತಿದ್ದೆ.

ಇದರಲ್ಲಿ ಗೊತ್ತಿಲ್ಲದ್ದು ಏನಿತ್ತು? ಏನೂ ಇರಲಿಲ್ಲ. ಸಂಜೆ ವೇಷ ಕಟ್ಟುವ ಚೌಕಿಗೆ ನುಗ್ಗಿ ಅದೇ ಮನುಷ್ಯ ಕನ್ನಡಿ ಎದುರು ಕೂತು ಅಕ್ಕಿಹಿಟ್ಟು, ಸುಣ್ಣ ಕಲಸಿದ್ದನ್ನು ಕಡ್ಡಿಯಿಂದ ಮುಖಕ್ಕೆ ಇಡುತ್ತಿದ್ದುದನ್ನು ನೋಡಿಯೇ ಇರುತ್ತಿದ್ದೆವು. ಕಳೆದ ವರ್ಷ ಯಾವ ಕಡೆಯಿಂದ ಬಂದ ಅಂತ ಗೊತ್ತು. ಕೊನೆಗೆ ದೇವಿ ಕೊಲ್ಲುತ್ತಾಳೆ ಅಂತಲೂ ಗೊತ್ತು. ಗೊತ್ತಿರುವುದೇ ಕಾಯುವುದಕ್ಕೆ ಕಾರಣ ಆಗಿತ್ತು. ಏನೂ ಗೊತ್ತಿಲ್ಲದವನಿಗೆ ಬೆಚ್ಚಿಬೀಳೋಕೆ ಮಾತ್ರ ಬರುತ್ತೆ, ಕಾಯೋಕೆ ಬರಲ್ಲ. ಆ ದೂರದ ದೊಂದಿ ಹತ್ತಿರ ಬರುವ ಎರಡು ಮೂರು ನಿಮಿಷ ಇದೆಯಲ್ಲ, ಆ ರುಚಿ ಗೊತ್ತಿರುವವರಿಗೆ ಮಾತ್ರ.

ಅಜ್ಜಿಯ ಸುಖ ಇನ್ನೂ ಬೇರೆ ಇತ್ತು ಅಂತ ಈಗ ಅನ್ನಿಸುತ್ತೆ. ಅವಳು ಮಹಿಷಾಸುರನನ್ನು ಎಷ್ಟು ನೋಡುತ್ತಿದ್ದಳೋ ಅಷ್ಟೇ ನಮ್ಮ ಮುಖ ನೋಡುತ್ತಿದ್ದಳು. ನಾನೂ ಅಕ್ಕನ ಮಗಳ ಜೊತೆ ಕೂತಾಗ ಪರದೆಗಿಂತ ಅವಳ ಕಡೆ ಜಾಸ್ತಿ ನೋಡಿದೆ. ಇದನ್ನು ಒಳ್ಳೆಯ ಗುಣ ಅಂತ ಹೇಳುತ್ತಿಲ್ಲ.

ಸಂಶೋಧಕರು ಹೇಳುವುದು

ಹೆದರಿಕೆಯ ಸುಖದ ಬಗ್ಗೆ ಅಧ್ಯಯನ ಮಾಡುವವರು ಜಗತ್ತಿನಲ್ಲಿ ಸಾಕಷ್ಟು ಜನ ಇದ್ದಾರೆ. ಹಳೆಯದೊಂದು ಪ್ರಯೋಗ ನನಗೆ ಬಹಳ ಇಷ್ಟ. 1986ರಲ್ಲಿ ಡಾಲ್ಫ್ ಜಿಲ್‌ಮನ್ ಮತ್ತು ಜೊತೆಗಾರರು ಹುಡುಗ ಹುಡುಗಿಯರನ್ನು ಜೋಡಿಯಾಗಿ ಕೂರಿಸಿ ಹಾರರ್ ಸಿನಿಮಾ ತೋರಿಸಿದರು. ಪಕ್ಕದ ಹುಡುಗಿ ಹೆದರಿದರೆ ಹುಡುಗರಿಗೆ ಸಿನಿಮಾ ಹೆಚ್ಚು ಹಿಡಿಸಿತು. ಪಕ್ಕದ ಹುಡುಗ ಹೆದರಿದರೆ ಹುಡುಗಿಯರಿಗೆ ಸಿನಿಮಾ ಅಷ್ಟು ಹಿಡಿಸಲಿಲ್ಲ. ನಮ್ಮನೆಯಲ್ಲಿ ದಿಂಬು ಹಿಡಿದು ಒಳಗೆ ಹೋಗುವವರು ಇವರು. ಆದರೂ ನನಗೆ ಸಿನಿಮಾ ಹಿಡಿಸುತ್ತಲೇ ಇದೆ. ಪ್ರಯೋಗದ ಲೆಕ್ಕಕ್ಕೆ ನಾವು ಬಂದಿಲ್ಲ.

ಪಾಲ್ ರೋಜಿನ್ ಅನ್ನೋ ಮನಶ್ಶಾಸ್ತ್ರಜ್ಞರು ಮೆಣಸಿನಕಾಯಿ ತಿನ್ನುವವರಿಂದ ಶುರು ಮಾಡಿದರು. ನಾಲಿಗೆ ಉರಿಯುತ್ತೆ, ಕಣ್ಣಲ್ಲಿ ನೀರು, ದೇಹ ಅಪಾಯ ಅಂತ ಕೂಗುತ್ತೆ. ಅಪಾಯ ಇಲ್ಲ ಅಂತ ಮನಸ್ಸಿಗೆ ಗೊತ್ತು. ದೇಹ ಮೋಸಹೋಗಿದೆ, ನಾನು ಹೋಗಿಲ್ಲ ಅನ್ನೋದೇ ಖುಷಿ. ಅಳಿಸುವ ಹಾಡು, ಹೆದರಿಸುವ ಸಿನಿಮಾ ಎಲ್ಲದಕ್ಕೂ ಅವರು ಇದನ್ನೇ ಹಚ್ಚುತ್ತಾರೆ. ಬ್ಯಾಡಗಿ, ಗುಂಟೂರು ಎರಡನ್ನೂ ತಿನ್ನುವ ನಾಡಿನವರಿಗೆ ಇದನ್ನು ಒಪ್ಪೋದು ಕಷ್ಟ ಆಗಲ್ಲ.

ನನಗೆ ನಿಜವಾಗಿ ಕೆಲಸಕ್ಕೆ ಬಂದದ್ದು ಡೆನ್ಮಾರ್ಕಿನ ಆರ್ಹೂಸ್ ವಿಶ್ವವಿದ್ಯಾಲಯದವರ ಅಧ್ಯಯನ. ಅಲ್ಲಿ ಹೆದರಿಕೆಯ ಮನರಂಜನೆಗೇ ಒಂದು ಪ್ರಯೋಗಾಲಯ ಇದೆ. ದುಡ್ಡು ಕೊಟ್ಟು ಒಳಗೆ ಹೋಗಿ ಹೆದರಿಸಿಕೊಂಡು ಬರುವ ಒಂದು ಭೂತದ ಮನೆಗೆ 110 ಜನರನ್ನು ಕಳಿಸಿ, ಎದೆಬಡಿತ ಅಳೆಯುವ ಯಂತ್ರ ಕಟ್ಟಿ, ಮುಖ ಕ್ಯಾಮೆರಾದಲ್ಲಿ ಹಿಡಿದು, ಎಷ್ಟು ಹೆದರಿದಿರಿ, ಎಷ್ಟು ಖುಷಿಯಾಯಿತು ಅಂತ ಕೇಳಿದರು. 2020ರಲ್ಲಿ ಪ್ರಕಟವಾಯಿತು. ತೀರಾ ಕಡಿಮೆ ಹೆದರಿದವರಿಗೂ ಖುಷಿ ಇಲ್ಲ, ತೀರಾ ಜಾಸ್ತಿ ಹೆದರಿದವರಿಗೂ ಇಲ್ಲ. ಖುಷಿ ಇರೋದು ನಡುವೆ ಎಲ್ಲೋ.

ಅವರು ಕೇಳಿದ್ದು ಒಂದು ಸಲದ ಅನುಭವದ ಬಗ್ಗೆ. ಅದನ್ನು ಮರುನೋಟಕ್ಕೆ ಹಚ್ಚೋದು ನನ್ನ ಕೆಲಸ. ಸದ್ದು ಮಾಡಿ ಬೆಚ್ಚಿಸುವ ಸಾಧಾರಣ ದೆವ್ವದ ಸಿನಿಮಾ ಮೊದಲ ಸಲ ಆ ನಡುವಿನ ಜಾಗದಲ್ಲಿರುತ್ತೆ. ಎರಡನೇ ಸಲಕ್ಕೆ ಅದರ ಕೆಳಗೆ ಬಿದ್ದುಹೋಗುತ್ತೆ. ಅಲಮಾರಿನಿಂದ ಯಾರು ಹಾರುತ್ತಾರೆ ಅಂತ ಗೊತ್ತಾದ ಮೇಲೆ ಉಳಿಯೋದು ಅಲಮಾರು. ಹಿಂಡಿ ಹಾಕುವ ಸಿನಿಮಾಗಳದ್ದು ತಿರುಗುಮುರುಗು. ಮೊದಲ ಸಲ ಅವು ಆ ಗೆರೆಯ ಎಷ್ಟೋ ಮೇಲಿರುತ್ತವೆ. ಖುಷಿಗೆ ಅಲ್ಲಿ ಜಾಗವೇ ಇಲ್ಲ. ಎರಡನೇ ಸಲ, ಮೂರನೇ ಸಲಕ್ಕೆ ಇಳಿದು ಇಳಿದು ಆ ಜಾಗಕ್ಕೆ ಬಂದು ಸೇರುತ್ತವೆ. ಜನ ಬೇರೆ ಬೇರೆ ಹಾರರ್ ಸಿನಿಮಾ ನೋಡಿದರೂ ಮತ್ತೆ ಮತ್ತೆ ನೋಡೋಕೆ ಅತಿ ಘೋರವಾದದ್ದನ್ನೇ ಆರಿಸಿಕೊಳ್ಳೋದು ಯಾಕೆ ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ವಿವರಣೆ ನನಗೆ ಸಿಕ್ಕಿಲ್ಲ. ನನ್ನ ಮಟ್ಟಿಗೆ ಈ ಸಿನಿಮಾದ ಮೊದಲ ನೋಟ ಒಂದು ಪ್ರವೇಶ ಶುಲ್ಕ ಅಷ್ಟೇ.

ಅದೇ ಗುಂಪಿನವರು ಸೇರಿ ಮಾಡಿದ ಇನ್ನೊಂದು ಅಧ್ಯಯನ, ಕೊರೊನಾದ ಮೊದಲ ತಿಂಗಳುಗಳಲ್ಲಿ ಹಾರರ್ ಅಭಿಮಾನಿಗಳು ಬೇರೆಯವರಿಗಿಂತ ಕಡಿಮೆ ಕಂಗಾಲಾಗಿದ್ದರು ಅಂತ ಹೇಳಿತು. ಪತ್ರಿಕೆಗಳಿಗೆ ಹಬ್ಬ. ಆದರೆ ಹಾರರ್ ನೋಡಿ ಗಟ್ಟಿಯಾದರೋ, ಮೊದಲೇ ಗಟ್ಟಿ ಇದ್ದವರು ಹಾರರ್ ನೋಡುತ್ತಿದ್ದರೋ ಹೇಳೋಕೆ ಬರಲ್ಲ. ನಾನಂತೂ ಆ ತಿಂಗಳುಗಳಲ್ಲಿ ತರಕಾರಿಯನ್ನು ಸೋಪು ಹಾಕಿ ತೊಳೆಯುತ್ತಿದ್ದೆ.

ಕಿಟಕಿ ಪಕ್ಕ ಕೂತ ದೈತ್ಯ

ಹೆದರಿಕೆ ಇಳಿದಾಗ ಏನಾಗುತ್ತೆ ಅಂದರೆ ಕಣ್ಣು ಬಿಡುಗಡೆ ಆಗುತ್ತೆ. ಮೊದಲ ಸಲ ನಾವು ನೋಡೋದು ಅಪಾಯ ಇರುವ ಮೂಲೆಯನ್ನು ಮಾತ್ರ. ಮೂರನೆಯ ಕೊಲೆ ಆದ ಮೇಲೆ ಒಂದು ದೃಶ್ಯ ಇದೆ. ಆ ಮುಖವಾಡದವನು, ಲೆದರ್‌ಫೇಸ್, ಕಿಟಕಿ ಹತ್ತಿರ ಓಡುತ್ತಾನೆ. ಹೊರಗೆ ಇಣುಕುತ್ತಾನೆ. ಆಮೇಲೆ ಕುರ್ಚಿಯಲ್ಲಿ ಕುಸಿದು ಕೂತು ತಲೆಗೆ ಕೈ ಹಚ್ಚಿಕೊಳ್ಳುತ್ತಾನೆ. ನಾಲಿಗೆ ತುಟಿ ಸವರುತ್ತೆ. ಎಲ್ಲಿಂದ ಬರುತ್ತಿದ್ದಾರೆ ಇವರೆಲ್ಲ, ಇನ್ನೂ ಎಷ್ಟು ಜನ ಇದ್ದಾರೆ ಅಂತ ಅವನಿಗೆ ದಿಗಿಲು. ಅವನ ಲೆಕ್ಕದಲ್ಲಿ ಮನೆಗೆ ಕೇಳದೆ ನುಗ್ಗುತ್ತಿರುವವರು ಇವರು. ಮೊದಲ ಸಲ ಇದನ್ನು ಗಮನಿಸಿದವರು ಕಡಿಮೆ. ಮೈಯೆಲ್ಲ ನಡುಗುತ್ತಿರುವಾಗ ಕೊಲೆಗಾರನ ಚಿಂತೆ ಯಾರಿಗೆ ಬೇಕು? ಆ ಪಾತ್ರ ಮಾಡಿದ ಗುನ್ನಾರ್ ಹ್ಯಾನ್ಸನ್ ಐಸ್‌ಲೆಂಡಿನಲ್ಲಿ ಹುಟ್ಟಿ ಟೆಕ್ಸಾಸ್‌ನಲ್ಲಿ ಬೆಳೆದವರು, ಮುಂದೆ ಬರಹಗಾರರಾದರು. ಒಂದು ಮಾತೂ ಇಲ್ಲದ ಪಾತ್ರ. ಮುಖವೂ ಕಾಣಲ್ಲ. ಆ ಕೈ, ಆ ನಾಲಿಗೆಯಲ್ಲೇ ಎಲ್ಲ ಇದೆ.

ಹಾಗೆಯೇ ಫ್ರಾಂಕ್ಲಿನ್. ಗಾಲಿಕುರ್ಚಿಯಲ್ಲಿರುವ ಹುಡುಗ. ಮೊದಲ ನೋಟಕ್ಕೆ ಭಾರಿ ಕಿರಿಕಿರಿ. ಗೊಣಗುತ್ತಾನೆ, ಹಟ ಮಾಡುತ್ತಾನೆ, ಇವನು ಬೇಗ ಹೋದರೆ ಸಾಕು ಅನ್ನಿಸುತ್ತಾನೆ. ಅಜ್ಜನ ಹಳೇ ಮನೆಗೆ ಬಂದಾಗ ಉಳಿದವರೆಲ್ಲ ಮಹಡಿ ಹತ್ತಿ ನಗುತ್ತಿರುತ್ತಾರೆ. ಇವನು ಕೆಳಗೆ ಒಬ್ಬನೇ, ಅವರ ನಗುವನ್ನು ಅಣಕಿಸುತ್ತಾ, ಬಾಯಲ್ಲಿ ಪುರ್ ಪುರ್ ಅಂತ ಸದ್ದು ಮಾಡುತ್ತಾ ಇರುತ್ತಾನೆ. ಅವನು ಹೇಗೆ ಸಾಯುತ್ತಾನೆ ಅಂತ ತಿಳಿದ ಮೇಲೆ ಆ ದೃಶ್ಯ ನೋಡೋದು ಕೊಕ್ಕೆಯ ದೃಶ್ಯಕ್ಕಿಂತ ಕಷ್ಟ.

ಇಲ್ಲಿ ನನಗೆ ಅಭಿನವಗುಪ್ತನ ಜಿಂಕೆ ನೆನಪಾಗುತ್ತೆ. ಸಾವಿರ ವರ್ಷದ ಹಿಂದಿನ ಕಾಶ್ಮೀರದವನು. ಭರತನ ನಾಟ್ಯಶಾಸ್ತ್ರಕ್ಕೆ ವ್ಯಾಖ್ಯಾನ ಬರೆಯುವಾಗ ಭಯಾನಕ ರಸಕ್ಕೆ ಉದಾಹರಣೆಯಾಗಿ ಅವನು ರಾಕ್ಷಸನನ್ನು ತರಲಿಲ್ಲ, ಶಾಕುಂತಲದ ಮೊದಲ ಅಂಕದ ಜಿಂಕೆಯನ್ನು ತಂದ. ದುಷ್ಯಂತನ ರಥ ಬೆನ್ನಟ್ಟಿದೆ. ಜಿಂಕೆ ಕತ್ತು ತಿರುಗಿಸಿ ತಿರುಗಿಸಿ ನೋಡುತ್ತಾ, ಬಾಣ ಬೀಳುತ್ತೆ ಅಂತ ಹಿಂಭಾಗವನ್ನು ಮೈಯೊಳಗೇ ಎಳೆದುಕೊಂಡು, ಅರ್ಧ ಅಗಿದ ದರ್ಭೆ ಬಾಯಿಂದ ಉದುರಿಸುತ್ತಾ ಓಡುತ್ತೆ. ಅಭಿನವಗುಪ್ತ ಹೇಳುವುದು ಏನಂದರೆ, ಇಲ್ಲಿ ಹೆದರಿದವನು ನಾನಲ್ಲ, ನನ್ನ ಗೆಳೆಯನಲ್ಲ, ಶತ್ರುವೂ ಅಲ್ಲ. ಯಾವ ಊರು, ಯಾವ ಕಾಲ ಅನ್ನೋದೂ ಕಳಚಿಹೋಗಿ ಉಳಿಯೋದು ಭಯ ಮಾತ್ರ. ಅದನ್ನು ಸವಿಯಬಹುದು. ಭಯ ನನ್ನದೇ ಆಗಿಬಿಟ್ಟರೆ ನಾನು ಎದ್ದು ಓಡುತ್ತೇನೆ, ಸವಿಯೋಕೆ ಆಗಲ್ಲ. ಪ್ರೇಕ್ಷಕ ತನ್ನ ಸುಖದುಃಖದಲ್ಲೇ ಮುಳುಗಿದ್ದರೆ ಅದು ರಸಕ್ಕೆ ಅಡ್ಡಿ ಅಂತಲೂ ಅವನು ಪಟ್ಟಿ ಮಾಡುತ್ತಾನೆ.

ಸ್ಯಾಲಿ ಅನ್ನೋ ಹುಡುಗಿ ಕತ್ತಲಲ್ಲಿ ಮುಳ್ಳುಪೊದೆ ಸೀಳಿಕೊಂಡು ಓಡುತ್ತಾಳೆ, ಹಿಂದೆ ಗರಗಸದ ಸದ್ದು. ಮೊದಲ ಸಲ ಓಡಿದವಳು ನಾನು. ಸೋಫಾದ ಮೇಲೇ ಕಾಲು ಬಿಗಿಯಾಗಿತ್ತು. ಈಗ ನೋಡುವಾಗ ಓಡುವುದು ಆ ಜಿಂಕೆ. ಕೂದಲು ಕೊಂಬೆಗೆ ಸಿಕ್ಕೋದು, ಅವಳು ಬಿಡಿಸಿಕೊಳ್ಳೋದು ಕಾಣುತ್ತೆ. ಈ ಸಿನಿಮಾದ ಶುರುವಿನಲ್ಲೇ ಕಸಾಯಿಖಾನೆಯ ಮಾತು ಬರುತ್ತೆ ಅನ್ನೋದು ಆಗ ನೆನಪಾಗುತ್ತೆ. ದನವನ್ನು ಸುತ್ತಿಗೆಯಿಂದ ಹೊಡೆಯೋದು ಒಳ್ಳೇದೋ, ಹೊಸ ಯಂತ್ರ ಒಳ್ಳೇದೋ ಅಂತ ವ್ಯಾನಿನಲ್ಲಿ ಚರ್ಚೆ ನಡೆದಿರುತ್ತೆ. ಕರ್ಕ್ ಬಿದ್ದದ್ದು ಸುತ್ತಿಗೆಯಿಂದ. ಮೊದಲ ಸಲ ಈ ಎಳೆ ಕೈಗೆ ಸಿಗಲ್ಲ.

ಇಳಿಯದ ಒಂದು ಭಾಗ

ಇಷ್ಟೆಲ್ಲ ಹೇಳಿದ ಮೇಲೂ ಊಟದ ದೃಶ್ಯ ಬಾಕಿ ಉಳಿಯುತ್ತೆ. ಅದು ಯಾವ ಲೆಕ್ಕಕ್ಕೂ ಇಳಿಯಲ್ಲ. ಸ್ಯಾಲಿಯನ್ನು ಕುರ್ಚಿಗೆ ಕಟ್ಟಿ, ಲೆದರ್‌ಫೇಸ್‌ನ ಕುಟುಂಬ ಸುತ್ತ ಕೂತು ಗೇಲಿ ಮಾಡುತ್ತೆ. ಕ್ಯಾಮೆರಾ ಅವಳ ಕಣ್ಣಿನೊಳಗೇ ಹೋಗುತ್ತೆ. ಬಿಳಿಗುಡ್ಡೆಯ ಕೆಂಪು ನರ ಪರದೆ ತುಂಬ. ಅರಚು, ನಗು, ಅರಚು. ಅಲ್ಲಿ ನೆನಪು ಕೂಡಿಸಿದ್ದು ಏನೂ ಇಲ್ಲ, ಇರೋದೇ ಅಷ್ಟಿದೆ.

ಅದನ್ನು ತೆಗೆದ ಕತೆಯೂ ಹಾಗೇ ಇದೆ. 1973ರ ಟೆಕ್ಸಾಸ್ ಬೇಸಿಗೆ, ಹೊರಗೇ ನಲವತ್ತು ಡಿಗ್ರಿ ಆಸುಪಾಸು. ರಾತ್ರಿ ಅಂತ ತೋರಿಸೋಕೆ ಕಿಟಕಿಗಳನ್ನು ಮುಚ್ಚಿದ್ದರು. ಒಳಗೆ ಲೈಟುಗಳ ಕಾವು, ಮೇಜಿನ ಮೇಲೆ ಕೊಳೆಯುತ್ತಿದ್ದ ನಿಜವಾದ ಮಾಂಸ, ಎಲುಬು. ಆ ಕುಟುಂಬದ ಮುದಿ ಅಜ್ಜನಾಗಿ ಕೂತಿದ್ದ ಜಾನ್ ಡುಗನ್ ಆಗ ಇಪ್ಪತ್ತರ ಹುಡುಗ. ಗಂಟೆಗಟ್ಟಲೆ ಹಿಡಿಯುವ ಆ ಮೇಕಪ್ಪನ್ನು ಇನ್ನೊಮ್ಮೆ ಹಾಕಿಸಿಕೊಳ್ಳಲ್ಲ ಅಂದ. ಹಾಗಾಗಿ ಅವನ ದೃಶ್ಯಗಳನ್ನೆಲ್ಲ ಒಂದೇ ಉಸಿರಿಗೆ, ಒಂದು ಹಗಲು ಒಂದು ರಾತ್ರಿಗೂ ಮೀರಿ ತೆಗೆದರು. ಹ್ಯಾನ್ಸನ್ ತೊಟ್ಟಿದ್ದ ಒಂದೇ ಜೊತೆ ಬಟ್ಟೆಯನ್ನು ಬಣ್ಣ ಹೋಗುತ್ತೆ ಅಂತ ಶೂಟಿಂಗ್ ಪೂರ್ತಿ ಒಗೆದಿರಲಿಲ್ಲ. ಸ್ಯಾಲಿಯಾದ ಮ್ಯಾರಿಲಿನ್ ಬರ್ನ್ಸ್ ಬೆರಳನ್ನು ಕೊಯ್ಯುವ ದೃಶ್ಯದಲ್ಲಿ ನಕಲಿ ರಕ್ತದ ಕೊಳವೆ ಕೈಕೊಟ್ಟಿತು. ಹ್ಯಾನ್ಸನ್ ಸುಸ್ತಿನಲ್ಲಿ ನಿಜವಾಗಿಯೇ ಕೊಯ್ದುಬಿಟ್ಟರು.

ತೆರೆಮರೆಯ ಕತೆ ತಿಳಿದರೆ ಹೆದರಿಕೆ ಹೋಗುತ್ತೆ ಅಂತಾರೆ. ಮಹಿಷಾ­ಸುರನ ಚುಟ್ಟಿ ನೋಡಿದ್ದರಿಂದ ನನಗೇನೂ ಹೋಗಲಿಲ್ಲ. ಇಲ್ಲಂತೂ ಉಲ್ಟಾ. ಆ ಅರಚುವಿಕೆಯಲ್ಲಿ ನಟನೆ ಎಲ್ಲಿ ಮುಗಿದು ಸುಸ್ತು ಎಲ್ಲಿ ಶುರುವಾಯಿತು ಅಂತ ಗೊತ್ತಾಗದೆ ನನಗೆ ಪ್ರತಿ ಸಲ ಕಸಿವಿಸಿ. ಇದನ್ನು ನಾನು ಸುಖ ಅಂತ ಕರೆಯೋದು ನ್ಯಾಯವಾ? ಬರ್ನ್ಸ್ ಮುಂದೆ ಅಭಿಮಾನಿಗಳ ಸಮಾವೇಶಗಳಿಗೆ ಹೋಗುತ್ತಿದ್ದರು. 2014ರಲ್ಲಿ ತೀರಿಕೊಂಡರು. ಅಭಿಮಾನಿಗಳ ಜೊತೆ ಅವರು ನಗುತ್ತಿರುವ ಫೋಟೋ ನೋಡಿದಾಗ ಸ್ವಲ್ಪ ಸಮಾಧಾನ ಆಗುತ್ತೆ. ಅದು ನನ್ನ ಅನುಕೂಲಕ್ಕೆ ಮಾಡಿಕೊಂಡ ಸಮಾಧಾನ ಅಂತಲೂ ಗೊತ್ತು.

ಆ ಭಾಗವನ್ನು ಓಡಿಸಿ ಮುಂದೆ ಹೋಗಬಹುದು. ರಿಮೋಟು ಕೈಯಲ್ಲೇ ಇರುತ್ತೆ. ಹೋಗಲ್ಲ. ಅದನ್ನು ದಾಟದೆ ಬೆಳಗಾದರೆ ಆ ಬೆಳಗಿಗೆ ಬೆಲೆ ಇಲ್ಲ. ಸ್ಯಾಲಿ ಕಿಟಕಿಯ ಗಾಜು ಒಡೆದು ಹೊರಗೆ ಹಾರುತ್ತಾಳೆ. ಹೊರಗೆ ನೋಡಿದರೆ ಬೆಳಕಾಗಿಬಿಟ್ಟಿದೆ! ಒಳಗೆ ಕೂತ ನಮಗೆ ಹೊತ್ತು ಕಳೆದದ್ದೇ ಗೊತ್ತಾಗಿರಲ್ಲ. ರಾತ್ರಿಯಿಡೀ ಆಟ ನೋಡಿದವರಿಗೆ ಆ ಬೆಳಕಿನ ಪರಿಚಯ ಇದೆ. ಕಣ್ಣು ಉರಿ, ಮೈ ಭಾರ, ಆದರೂ ಏನೋ ಮುಗಿಸಿ ಬಂದ ಹಾಗೆ. ಸುಸ್ತಾಗಿ ಬಂದವಳಿಗೆ ಇನ್ನಷ್ಟು ಸುಸ್ತು ಯಾಕೆ ಅಂತ ಇವರ ತಕರಾರು. ಆಫೀಸಿನ ಸುಸ್ತಿಗೆ ಕೊನೆ ಅಂತ ಒಂದು ಇರಲ್ಲ. ಇದಕ್ಕೆ ಇದೆ.

ಮತ್ತೆ ನೋಡದವು

ಎಲ್ಲವನ್ನೂ ಹೀಗೆ ಮತ್ತೆ ಮತ್ತೆ ನೋಡುತ್ತೇನೆ ಅಂತ ಅಲ್ಲ. ಅಮ್ಮ ಐಸಿಯುನಲ್ಲಿದ್ದು ಬಂದ ಮೇಲೆ ಮಾನಿಟರಿನ ಬೀಪ್ ಸದ್ದಿರುವ ಸಾಧಾರಣ ಕೌಟುಂಬಿಕ ಸಿನಿಮಾವನ್ನೂ ನನಗೆ ಪೂರ್ತಿ ನೋಡೋಕೆ ಆಗಿಲ್ಲ. ಅಲ್ಲಿ ಭಯ ನನ್ನದೇ. ಜಿಂಕೆಯದ್ದಲ್ಲ. ಫ್ಯಾಮಿಲಿ ಗ್ರೂಪಿನಲ್ಲಿ ಯಾರೋ ಕಳಿಸುವ ರಸ್ತೆ ಅಪಘಾತದ ವಿಡಿಯೋಗಳನ್ನಂತೂ ತೆರೆಯೋದೇ ಇಲ್ಲ. ಚೈನ್ ಸಾ ನೋಡುವವಳಿಗೆ ಇದೆಂಥ ಮಡಿ ಅಂತ ಭಾವ ಒಮ್ಮೆ ಹಂಗಿಸಿದರು. ಆ ವಿಡಿಯೋದಲ್ಲಿ ಸತ್ತವನ ಮನೆಯವರು ಎಲ್ಲೋ ಇದ್ದಾರೆ ಭಾವ, ಇದರಲ್ಲಿ ಎಲ್ಲರೂ ಸಂಜೆ ಎದ್ದು ಮೇಕಪ್ ತೊಳೆದುಕೊಂಡು ಹೋದರು ಅಂದೆ. ಹೇಳುವಾಗ ಬರ್ನ್ಸ್ ಬೆರಳು ನೆನಪಾಯಿತು, ಆದರೆ ವಾದದ ಮಧ್ಯೆ ಅದನ್ನು ಹೇಳೋಕೆ ಹೋಗಲಿಲ್ಲ.

ಅಕ್ಕನ ಮಗಳು ಮೊನ್ನೆ ಫೋನ್ ಮಾಡಿದ್ದಳು. ರೂಮಲ್ಲಿ ಒಬ್ಬಳೇ ಕೂತು ಆ ಸಿನಿಮಾ ಮತ್ತೆ ನೋಡಿದಳಂತೆ. ಹೆದರಿಕೆ ಆಗಲಿಲ್ಲವಂತೆ. ಮುದಿ ಅಜ್ಜನ ಕೈಗೆ ಸುತ್ತಿಗೆ ಕೊಟ್ಟು ಸ್ಯಾಲಿಯ ತಲೆಗೆ ಹೊಡಿ ಅಂತಾರಲ್ಲ, ಅವನಿಗೆ ಹಿಡಿಯೋಕೇ ಶಕ್ತಿ ಇಲ್ಲದೆ ಸುತ್ತಿಗೆ ಮತ್ತೆ ಮತ್ತೆ ಜಾರಿ ತೊಟ್ಟಿಗೆ ಬೀಳುತ್ತಲ್ಲ, ಅಲ್ಲಿ ತಡೆಯೋಕಾಗದೆ ನಗು ಬಂತಂತೆ. "ಅಷ್ಟು ಅಳ್ತಿದ್ದಾಳೆ ಅವಳು, ನಂಗೆ ನಗು! ನಾನೆಂಥ ಜನ ಚಿಕ್ಕಮ್ಮ?" ಹೂಪರ್ ಅದನ್ನು ತಮಾಷೆ ಅಂತಲೇ ತೆಗೆದದ್ದು, ಬಹಳ ಜನಕ್ಕೆ ಅದು ಗೊತ್ತಾಗೋಕೆ ವರ್ಷಗಳೇ ಬೇಕಾದವು ಅಂದೆ. ಅವಳಿಗೆ ಅದು ಒಪ್ಪಿಗೆ ಆಗಲಿಲ್ಲ. ತಮಾಷೆ ಅಂತ ತೆಗೆದರೆ ಇನ್ನೂ ಕೆಟ್ಟದ್ದಲ್ವಾ ಅಂತ ವಾದಕ್ಕೇ ಇಳಿದಳು. ಅರ್ಧ ಗಂಟೆ ಮಾತಾಡಿದೆವು. ಇವರು ಒಳಗಿಂದ, "ಯಾರ ಜೊತೆ ಅಷ್ಟು ಸುತ್ತಿಗೆ ಸುತ್ತಿಗೆ ಅಂತಿದ್ದೀಯ?" ಅಂತ ಕೇಳಿದರು.